ಹೆಸರಿಲ್ಲದ ಕೆಮ್ಮು

ಕನ್ನಡದಲ್ಲಿ ‘ನಾಯಿಕೆಮ್ಮು’ ಎಂಬ ಮಾತಿದೆ. ಅದು ವಾರಗಟ್ಟಲೆ ಕಾಡುವ, ಕೆಮ್ಮಿ ಕೆಮ್ಮಿ ಕೊನೆಗೆ ಕೂಗಿನೊಡನೆ ಉಸಿರೆಳೆದುಕೊಳ್ಳುವ ಬೇನೆಗೆ ಸಂದ ಹೆಸರು. ವಿಚಿತ್ರವೆಂದರೆ, ನಿಜವಾಗಿ ನಾಯಿ ಬೊಗಳಿದಂತೆ ಕೇಳಿಸುವ ಇನ್ನೊಂದು ಕೆಮ್ಮಿಗೆ ನಮ್ಮಲ್ಲಿ ಹೆಸರೇ ಇಲ್ಲ. ಸ್ಕಾಟ್ಲೆಂಡಿನ ಜನ ಅದರ ಒರಟು ದನಿಯಿಂದಲೇ ಅದನ್ನು ‘ಕ್ರೂಪ್’ ಎಂದರು. ಫ್ರಾನ್ಸಿಸ್ ಹೋಮ್ ಎಂಬ ವೈದ್ಯರು 1765ರಲ್ಲಿ ಅದರ ಮೇಲೊಂದು ಗ್ರಂಥವನ್ನೇ ಬರೆದರು. ಹೆಸರಿನ ಈ ಗೊಂದಲ ಬರಿಯ ನಿಘಂಟಿನ ವಿಷಯವಲ್ಲ. ನಾಯಿಕೆಮ್ಮೆಂದು ತಿಳಿದವರು ವಾರಗಳ ಲೆಕ್ಕ ಹಾಕುತ್ತಾರೆ. ಕ್ರೂಪಿನದಾದರೋ ಒಂದು ರಾತ್ರಿಯ ಲೆಕ್ಕ.

ಆರು ತಿಂಗಳಿಂದ ಮೂರು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಒಂದೆರಡು ದಿನ ನೆಗಡಿ. ಆಮೇಲೆ ನಡುರಾತ್ರಿ ದನಿ ಒಡೆದು ಕೆಮ್ಮು. ವೈರಸ್ಸಿನಿಂದ ಧ್ವನಿಪೆಟ್ಟಿಗೆಯ ಕೆಳಗೆ ಬಾವು ಬಂದಿರುತ್ತದೆ. 4 ಮಿಲಿಮೀಟರಿನ ಹಾದಿಯಲ್ಲಿ ಸುತ್ತಲೂ 1 ಮಿಲಿಮೀಟರು ಬಾತರೆ ಉಸಿರಿಗೆ ಉಳಿಯುವುದು ಕಾಲುಪಾಲು ಜಾಗ.

ಬ್ಯಾಡಗಿಯ ಸೀಮೆಯಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಗುವಿಗೆ ದೃಷ್ಟಿ ತಾಗಿತೆಂದು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು ಹಿರಿಯರ ರೂಢಿ. ಘಾಟು ಏಳದಿದ್ದರೆ ದೃಷ್ಟಿಯಾಗಿದ್ದುದು ದಿಟವಂತೆ. ನಂಬಿಕೆಯೊಡನೆ ನನಗೆ ಜಗಳವಿಲ್ಲ. ನಿವಾಳಿಸಿ ಬೀದಿಗೆ ಎಸೆಯಿರಿ. ಆ ಹೊಗೆ ಮಾತ್ರ ಬಾತ ಗಂಟಲಿಗೆ ಬೇಡ. ಕುದಿನೀರಿನ ಹಬೆಯೂ ಬೇಡ. ಅದರಿಂದ ಗುಣವೆಂಬುದು ಪರೀಕ್ಷೆಗಳಲ್ಲಿ ಸಿದ್ಧವಾಗಿಲ್ಲ, ಸುಟ್ಟುಕೊಳ್ಳುವ ಭಯ ಮಾತ್ರ ನಿಜ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಸಮಾಧಾನಪಡಿಸಿ. ಅತ್ತಷ್ಟೂ ಉಸಿರಿನ ಕಷ್ಟ ಹೆಚ್ಚುತ್ತದೆ. ಬಾಯಿಗೆ ಬೆರಳು, ಚಮಚ ಹಾಕಿ ನೋಡಬೇಡಿ. ಅಂಗಳದ ತಂಗಾಳಿ ಕೆಲವೊಮ್ಮೆ ಹಿತವೆನಿಸುತ್ತದೆ.

ಸುಮ್ಮನಿದ್ದಾಗಲೂ ಉಸಿರೆಳೆಯುವಾಗ ಕೀರಲು ದನಿ ಬಂದರೆ, ಪಕ್ಕೆಗಳು ಒಳಗೆ ಸೆಳೆದರೆ, ಜೊಲ್ಲು ನುಂಗಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆಮಾಡಿ ಹಾವೇರಿಗೋ ರಾಣೇಬೆನ್ನೂರಿಗೋ, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಹೊರಡಬೇಕು. ಇದಕ್ಕೆ ಮದ್ದು ದೊಡ್ಡದೇನಲ್ಲ: ಸಾಮಾನ್ಯವಾಗಿ ಒಂದೇ ಬಾರಿ ಬಾಯಿಂದ ಕೊಡುವ ಡೆಕ್ಸಾಮೆಥಸೋನ್ ಕೆಲವು ಗಂಟೆಗಳಲ್ಲಿ ಬಾವನ್ನು ಇಳಿಸುತ್ತದೆ. ತೀವ್ರವಾದಾಗ ಅಡ್ರಿನಲಿನ್ನನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಕೊಡುತ್ತಾರೆ. ಅದರ ಬಲ ಒಂದೆರಡು ಗಂಟೆಯದು. ಆದ್ದರಿಂದ ವೈದ್ಯರು ಇನ್ನಷ್ಟು ಹೊತ್ತು ಇರಿ ಎಂದರೆ ಇರಬೇಕು. ವೈರಸ್ಸಿನ ಈ ಬೇನೆಗೆ ಆಂಟಿಬಯಾಟಿಕ್ ಕೇಳಿ ಪಡೆಯುವುದು ವ್ಯರ್ಥ.

ಗಂಟಲಮಾರಿಯೂ ಇದೇ ವೇಷದಲ್ಲಿ ಬರಬಲ್ಲದು. ಹುಟ್ಟಿದ 6, 10, 14ನೆಯ ವಾರಗಳ ಚುಚ್ಚುಮದ್ದು, ಒಂದೂವರೆ ವರ್ಷದ ಸುಮಾರಿನದು, ಐದರದು ಬಿದ್ದಿದೆಯೇ ಎಂದು ವೈದ್ಯರು ಕೇಳುವುದು ಅದಕ್ಕಾಗಿಯೇ. ಹೊರಡುವಾಗ ಲಸಿಕೆಯ ಚೀಟಿ ಜೊತೆಯಲ್ಲಿರಲಿ.

ಹಗಲಾದೊಡನೆ ಮಗು ಏನೂ ಆಗದಂತೆ ಆಡತೊಡಗುವುದುಂಟು. ಮರುರಾತ್ರಿ ಕೆಮ್ಮು ಮರಳಬಹುದು. ಅಂದು ಮನೆಯವರಲ್ಲೊಬ್ಬರು ಅದರ ಮಗ್ಗುಲಲ್ಲೇ ಮಲಗಲಿ.