ಚಾಲಕನೂ ಜಾಣ ವಾಹನವೂ

(ಪುಣೆಯಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಬಗ್ಗೆ ಮಾತನಾಡಬಲ್ಲ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನಗೆ ಆ ಅಧಿಕಾರವಿಲ್ಲ. ನಾವೆಲ್ಲ ವರ್ಷಕ್ಕೆರಡು ಬಾರಿಯಾದರೂ ನಾಡಿಗೆ ಹೋಗಿ ಬರುವ ದಾರಿಯ ಬಗ್ಗೆ ಎರಡು ಮಾತು ಹೇಳಬಹುದೆಂದು ಕಾರ್ಯದರ್ಶಿಗಳ ಅಪ್ಪಣೆಗೆ ಒಪ್ಪಿದೆ.

ಮೊದಲು ನನ್ನ ತಪ್ಪನ್ನೇ ಅರಿಕೆ ಮಾಡಿಕೊಳ್ಳುತ್ತೇನೆ. ಕಳೆದ ದೀಪಾವಳಿಗೆ ಭಾವನವರ ಹೊಸ ಕಾರಿನಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ಅದು ಜಾಣ ಗಾಡಿ. ಕನ್ನಡಿಯ ಬಳಿ ಕ್ಯಾಮೆರಾ, ಮುಂಭಾಗದಲ್ಲಿ ರೇಡಾರ್; ರಸ್ತೆಯ ಬಿಳಿಪಟ್ಟಿ ದಾಟಿದರೆ ಎಚ್ಚರಿಸುತ್ತದೆ, ಮುಂದಿನ ವಾಹನ ತೀರ ಸಮೀಪಿಸಿದರೆ ತಾನೇ ಬ್ರೇಕು ಹಾಕುತ್ತದೆ. ಸಾತಾರ ದಾಟುವಷ್ಟರಲ್ಲಿ ಅದರ ಮೇಲೆ ನನಗೆ ಅಪಾರ ನಂಬಿಕೆ ಹುಟ್ಟಿತ್ತು. ಕರಾಡದಾಚೆ ಮುಸ್ಸಂಜೆಯಲ್ಲಿ ಫೋನು ಬಂತು, ಯಾರೆಂದು ನೋಡಿದೆ. ತಲೆಯೆತ್ತುವಷ್ಟರಲ್ಲಿ ಕಾರು ಕೂಗಿಕೊಂಡು, ತಾನಾಗಿ ಬ್ರೇಕು ಹಾಕಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಮೊಳದಷ್ಟು ದೂರದಲ್ಲಿ ನಿಂತಿತು. ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದ ನನ್ನ ತಾಯಿ ಮುಂದಿನ ಸೀಟಿಗೆ ಅಪ್ಪಳಿಸಿ ಅವರ ಬಲಗೈ ಮಣಿಕಟ್ಟು ಮುರಿಯಿತು. “ನಿಂದೇನ್ ತಪ್ಪೈತಿ ಬಿಡಪಾ, ದೀಪಾ ಇಲ್ಲದ್ದು ಅವನ ತಪ್ಪು” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಆ ಸಮಾಧಾನವೇ ನನ್ನನ್ನು ಚುಚ್ಚಿ ಈ ವಿಷಯವನ್ನು ಓದಲು ಹಚ್ಚಿತು. ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆಯವರು ನೂರು ಕಾರುಗಳಲ್ಲಿ ಕ್ಯಾಮೆರಾ ಇಟ್ಟು, ವರ್ಷದಷ್ಟು ಕಾಲ ಚಾಲಕರನ್ನು ಗಮನಿಸಿ, 2006ರಲ್ಲಿ ವರದಿ ಹೊರಡಿಸಿದರು. ನೂರು ಡಿಕ್ಕಿಗಳಲ್ಲಿ ಸುಮಾರು 80ರಲ್ಲಿ, ಡಿಕ್ಕಿಗೆ ಮುಂಚಿನ ಮೂರು ಸೆಕೆಂಡಿನೊಳಗೆ ಚಾಲಕನ ಗಮನ ತಪ್ಪಿತ್ತು, ಇಲ್ಲವೆ ಅವನು ತೂಕಡಿಸಿದ್ದನು. ಮೂರು ಸೆಕೆಂಡು ಏನು ಮಹಾ ಎನ್ನಬೇಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡೆಂದರೆ 66 ಮೀಟರ್ ಕುರುಡು ಪ್ರಯಾಣ.

ಯಂತ್ರವೇ ಜಾಣವಾದರೆ ಚಿಂತೆಯೇನು ಎಂದು ಕೇಳಬಹುದು. ಇದಕ್ಕೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರ ದಶಕದಲ್ಲಿ ನಡೆದ ಪರೀಕ್ಷೆಯೇ ಉತ್ತರ. ಒಂದೇ ಕಂಪನಿಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ, ಚಕ್ರ ಬಿಗಿಹಿಡಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕು ಹಾಕಿಸಿದರು. ಅಪಘಾತ ಇಳಿಯಬೇಕಿತ್ತು, ಇಳಿಯಲಿಲ್ಲ. ಒಳ್ಳೆಯ ಬ್ರೇಕಿದೆಯೆಂಬ ಧೈರ್ಯದಿಂದ ಆ ಚಾಲಕರು ತಿರುವುಗಳಲ್ಲಿ ಇನ್ನೂ ರಭಸದಿಂದ ಹೊರಳಿಸುತ್ತಿದ್ದರು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಯಂತ್ರವು ಜಮೆ ಮಾಡಿದ ಸುರಕ್ಷತೆಯನ್ನು ಚಾಲಕನು ಖರ್ಚು ಹಾಕಿಬಿಟ್ಟನು. ಕರಾಡದಾಚೆ ನಾನು ಮಾಡಿದ್ದೂ ಅದನ್ನೇ.

ಆದರೂ ಯಂತ್ರವನ್ನು ಹಳಿಯಲಾರೆ. ಅಂದು ನಮ್ಮನ್ನು ಉಳಿಸಿದ್ದು ಅದೇ. ಆದರೆ ಬಿಳಿಪಟ್ಟಿ ಮಾಸಿದ ಕಡೆ, ಜೋರು ಮಳೆಯಲ್ಲಿ, ಅದರ ಕಣ್ಣೂ ಮಂಜಾಗುತ್ತದೆ. ಅದು ಸಹಾಯಕ, ಹೊಣೆಗಾರನಲ್ಲ.

ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಬೆಲ್ಟು ಹಾಕದವರು 16,715; ಅದರಲ್ಲಿ ಅರ್ಧದಷ್ಟು ಮಂದಿ ಚಾಲಕರಲ್ಲ, ಜೊತೆಯಲ್ಲಿ ಕುಳಿತವರು. ಹಿಂದೆ ಕುಳಿತ ಹಿರಿಯರಿಗೆ ಬೆಲ್ಟು ಹಾಕಿಕೊಳ್ಳಿರೆಂದು ಹೇಳಲು ನಮಗೆ ಸಂಕೋಚ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದೇ ಪ್ರೀತಿಯೆಂಬ ನಂಬಿಕೆ. ರಜೆ ಉಳಿಸಲು, ದಿನವಿಡೀ ದುಡಿದು ರಾತ್ರಿಯೇ ಹೊರಡುವ ಆತುರ. ಈ ಮೂರನ್ನೂ ಬಿಡೋಣವೆಂದು ಕೈಮುಗಿದು ಬೇಡುತ್ತೇನೆ. ಊರು ಅರ್ಧ ದಿನ ತಡವಾಗಿ ಸಿಕ್ಕರೂ ಊರೇ.

ನಮ್ಮ ಅವ್ವ ಈಗ ಕಾರು ಹತ್ತಿದೊಡನೆ ಬೆಲ್ಟು ಹಾಕಿಕೊಂಡು, “ಫೋನ್ ಇಲ್ಲಿ ಕೊಡು” ಎಂದು ಕೈ ಚಾಚುತ್ತಾರೆ. ಆ ಮಣಿಕಟ್ಟು ಇನ್ನೂ ಪೂರ್ತಿ ಮಡಚುವುದಿಲ್ಲ. ನಾನು ಮಾತಿಲ್ಲದೆ ಫೋನು ಕೊಡುತ್ತೇನೆ.