ಗುಣವಾಯ್ತು ಅನ್ನಿಸಿದ ಮೇಲೂ ಮಾತ್ರೆ

ನಾನು ಒಂಬತ್ತು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಾ ಇದ್ದೀನಿ. ಇವತ್ತು ಕೋಡಿಂಗ್ ಬಗ್ಗೆ ಮಾತಾಡಲ್ಲ. ಟಿಬಿ, ಅಂದರೆ ಕ್ಷಯರೋಗದ ಬಗ್ಗೆ ಮಾತಾಡ್ತೀನಿ. ಕಳೆದ ವರ್ಷ ನನಗೆ ಶ್ವಾಸಕೋಶದ ಟಿಬಿ ಬಂತು. ಆರು ತಿಂಗಳ ಚಿಕಿತ್ಸೆ ಮುಗಿಸಿ ಈಗ ಚೆನ್ನಾಗಿದ್ದೀನಿ.

ಆಗ ಫೋನ್ ಮಾಡಿದವರೆಲ್ಲ "ಪಾಸಿಟಿವ್ ಆಗಿರು ಮಾರಾಯ" ಅಂದರು. ಹೇಗಿರಬೇಕು ಅಂತ ಯಾರೂ ಹೇಳಲಿಲ್ಲ. ನನ್ನ ಅನುಭವದಲ್ಲಿ ಈ ಕಾಯಿಲೆ ಮನಸ್ಸಿಗೆ ಕೊಡೋ ಕೆಲಸ ಒಂದೇ: ಗುಣವಾಯ್ತು ಅನ್ನಿಸಿದ ಮೇಲೂ ದಿನಾ ಮಾತ್ರೆ ತಗೊಳ್ಳೋದು. ಉಳಿದದ್ದೆಲ್ಲ ಅದಕ್ಕೆ ಸಹಾಯ ಅಷ್ಟೇ.

ಯಾಕೆ ಆರು ತಿಂಗಳು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ನನಗೆ ದೊಡ್ಡ ಧೈರ್ಯ ಆಯ್ತು. ನಮ್ಮ ಕರುಳಿನಲ್ಲಿರೋ ಇ-ಕೋಲೈ ಬ್ಯಾಕ್ಟೀರಿಯಾ ಅನುಕೂಲ ಇದ್ದರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಅದರಲ್ಲೂ ಕೆಲವು ಅರೆನಿದ್ರೆಯಲ್ಲಿ ಸುಮ್ಮನೆ ಬಿದ್ದಿರುತ್ತವೆ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿ ಬಹುಪಾಲನ್ನು ಕೊಲ್ಲುತ್ತವೆ. ಮುಂದಿನ ನಾಲ್ಕು ತಿಂಗಳ ಮೂರು ಔಷಧ ಈ ಮಲಗಿರೋವಕ್ಕೆ. ಮಧ್ಯೆ ಬಿಟ್ಟರೆ ಕಾಯಿಲೆ ಮರಳಬಹುದು, ಔಷಧಕ್ಕೆ ಬಗ್ಗದ ರೂಪದಲ್ಲೂ ಬರಬಹುದು. ಪ್ರೊಡಕ್ಷನ್‌ನಲ್ಲಿ ಎರರ್ ಕಾಣಿಸಲ್ಲ ಅಂದ ಮಾತ್ರಕ್ಕೆ ಬಗ್ ಹೋಯ್ತು ಅಂತ ನಾವ್ಯಾರೂ ಟಿಕೆಟ್ ಮುಚ್ಚಲ್ಲ, ಅಲ್ವಾ?

ಮೊದಲ ತಿಂಗಳು ದೇಹವೇ ಕಷ್ಟ ಕೊಡುತ್ತೆ. ವಾಕರಿಕೆ, ಸುಸ್ತು, ಕೀಲುನೋವು. ರಿಫಾಂಪಿಸಿನ್ ಅನ್ನೋ ಔಷಧದಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಡಾಕ್ಟರು ಮೊದಲೇ ಹೇಳಿದ್ದರಿಂದ ನಾನು ಗಾಬರಿ ಆಗಲಿಲ್ಲ. ಆದರೆ ಕಣ್ಣು ಮಂಜಾದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ. ಅದೇ ದಿನ ಡಾಕ್ಟರಿಗೆ ಹೇಳಿ. ಪಾಸಿಟಿವ್ ಆಗಿರೋದು ಅಂದರೆ ತೊಂದರೆ ಮುಚ್ಚಿಡೋದಲ್ಲ.

ಮನಸ್ಸಿಗೆ ನಿಜವಾದ ಪರೀಕ್ಷೆ ಮೂರನೇ ತಿಂಗಳು. ಕೆಮ್ಮು ಹೋಗಿತ್ತು, ಕಫದ ಪರೀಕ್ಷೆ ನೆಗೆಟಿವ್ ಬಂದಿತ್ತು, ತೂಕ ನಾಲ್ಕು ಕಿಲೋ ಏರಿತ್ತು. "ಇನ್ನೂ ಯಾಕೆ ತಗೊಳ್ತೀಯಾ?" ಅಂತ ಒಳಗಿನಿಂದಲೇ ಒಂದು ದನಿ ಶುರುವಾಯ್ತು. ಅದರ ಜೊತೆ ದಿನಾ ವಾದ ಮಾಡೋಕೆ ನನಗೆ ಶಕ್ತಿ ಇರಲಿಲ್ಲ. ಅದಕ್ಕೇ ನಿರ್ಧಾರವನ್ನು ಅವತ್ತಿನ ಮೂಡಿಗೆ ಬಿಡಲಿಲ್ಲ. ಬೆಳಿಗ್ಗೆ ಏಳೂವರೆಗೆ ಹುಬ್ಬಳ್ಳಿಯಿಂದ ಅಮ್ಮನ ವಿಡಿಯೋ ಕಾಲ್. ನಾನು ಮಾತ್ರೆ ನುಂಗೋದನ್ನ ಆಕೆ ನೋಡೋದು, ಆಮೇಲೆ "ತಿಂಡಿ ಏನು?" ಅಂತ ಕೇಳೋದು. ಅಷ್ಟೇ, ಎರಡು ನಿಮಿಷ. ಅಳು ಬಂದ ದಿನವೂ ಮಾತ್ರೆ ಹೊಟ್ಟೆಗೆ ಹೋಯ್ತು.

ಇನ್ನು ಒಂಟಿತನ. ಊರು ಬಿಟ್ಟು ಬಾಡಿಗೆ ಫ್ಲ್ಯಾಟ್‌ನಲ್ಲಿರೋ ನಮಗೆ ಇದೇ ಜಾಸ್ತಿ. ನನ್ನ ತಟ್ಟೆ ಲೋಟ ಬೇರೆ ಶೆಲ್ಫಿಗೆ ಹೋಯ್ತು. ಟಿಬಿ ಗಾಳಿಯಿಂದ ಹರಡುತ್ತೆ, ತಟ್ಟೆಯಿಂದಲ್ಲ. ಔಷಧ ಸರಿಯಾಗಿ ಕೆಲಸ ಮಾಡ್ತಿದ್ದರೆ ಕೆಲವೇ ವಾರದಲ್ಲಿ ಹರಡುವ ಶಕ್ತಿಯೂ ಬಹಳ ಇಳಿಯುತ್ತೆ. ಇದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಆಧಾರ ಇದೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯ್ತು. ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಟೋರಿಯಂಗೆ ಕಳಿಸಿದರು, ಇನ್ನರ್ಧ ಜನ ಇಕ್ಕಟ್ಟಾದ ತಮ್ಮ ಮನೆಗಳಲ್ಲೇ ಉಳಿದರು. ಎರಡೂ ಕಡೆ ಒಂದೇ ಔಷಧ. ಸ್ಯಾನಟೋರಿಯಂನಲ್ಲಿ ಊಟ, ಗಾಳಿ, ವಿಶ್ರಾಂತಿ ಎಲ್ಲ ಹೆಚ್ಚು. ಆದರೂ 1959ರಲ್ಲಿ ಫಲಿತಾಂಶ ಬಂದಾಗ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಕಂಡುಬರಲಿಲ್ಲ. ಇದನ್ನ ನಾನು ಫ್ಲ್ಯಾಟ್‌ಮೇಟ್‌ಗಳಿಗೆ ಕೂರಿಸಿಕೊಂಡು ಹೇಳಿದೆ. ಮರುವಾರ ತಟ್ಟೆ ವಾಪಸ್ ಬಂತು.

ಹಾಗಂತ ಮಾತ್ರೆ ಒಂದರಿಂದಲೇ ಎಲ್ಲ ಆಗಲ್ಲ. ನಿದ್ದೆ ಬರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನೋದು ವಾರಗಟ್ಟಲೆ ಮುಂದುವರಿದರೆ ಅದನ್ನೂ ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಿಗುತ್ತೆ, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಪರಊರಲ್ಲಿ ದುಃಖವನ್ನ ಹಿಂದಿ, ಇಂಗ್ಲಿಷಿಗೆ ಅನುವಾದ ಮಾಡಿ ಹೇಳೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಟಿಬಿ ಔಷಧ ಸರ್ಕಾರಿ ಕೇಂದ್ರದಲ್ಲಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ತಗೊಂಡರೂ ನೋಂದಣಿ ಆಗಿದ್ದರೆ ಸಿಗುತ್ತೆ. ಸಂಬಳ ಇದೆ ಅಂತ ಸಂಕೋಚ ಬೇಡ, ಮೊಟ್ಟೆ ಕಾಳಿಗಾಯ್ತು.

ಕೊನೆಯದಾಗಿ ಎರಡು ಮಾತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ "ಎಸಿ ಅಲರ್ಜಿ" ಅಂತ ತಳ್ಳಿಹಾಕದೆ ಕಫ ಪರೀಕ್ಷೆ ಮಾಡಿಸಿ. ನಿಮ್ಮ ಟೀಮಿನಲ್ಲಿ ಯಾರಿಗಾದರೂ ಟಿಬಿ ಅಂತ ಗೊತ್ತಾದರೆ "ಪಾಸಿಟಿವ್ ಆಗಿರು" ಅಂತ ಮೆಸೇಜ್ ಹಾಕಿ ಸುಮ್ಮನಾಗಬೇಡಿ. "ಇವತ್ತು ಮಾತ್ರೆ ಆಯ್ತಾ? ಊಟಕ್ಕೆ ಏನು?" ಅಂತ ಕೇಳಿ. ನಾಳೆಯೂ ಕೇಳಿ.