ಬಿಸಿಲನ್ನು ಅಳೆದ ಹೆಣ್ಣುಮಗಳು

(ತಿರುಮಣಿಯ ಹೆಣ್ಣುಮಕ್ಕಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಪಾವಗಡ ಸೀಮೆ ಬಿಸಿಲಿನ ಸೀಮೆ. ಮಳೆ ಕಮ್ಮಿ. ಕಡಲೇಕಾಯಿ ಬಿತ್ತಿ ಮುಗಿಲು ನೋಡುತ್ತಾ ಕೂತವರು ನಾವು. ಬಿಸಿಲನ್ನು ಬೈಯದ ದಿನ ಇರಲಿಲ್ಲ. ಈಗ ಅದೇ ಬಿಸಿಲು ಕರೆಂಟ್ ಆಗಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಅದು ಶುರುವಾಯಿತು. ಅದರ ಶಕ್ತಿ 2,050 ಮೆಗಾವ್ಯಾಟ್.

ಜಮೀನು ಕೊಟ್ಟವರಿಗೆ ಗುತ್ತಿಗೆ ಹಣ ಬರುತ್ತೆ. ಜಮೀನು ಇಲ್ಲದವರಿಗೆ? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಹುಲ್ಲು ತೆಗೆಯುವ, ಪ್ಲೇಟ್ ತೊಳೆಯುವ ಕೆಲಸ ಕೆಲವರಿಗೆ ಸಿಕ್ಕಿತು. ಆದರೆ ಯಂತ್ರ ನೋಡಿಕೊಳ್ಳುವ, ಕೆಟ್ಟರೆ ಸರಿ ಮಾಡುವ ಕೆಲಸಕ್ಕೆ ಓದು ಬೇಕು. ಐ.ಟಿ.ಐ., ಡಿಪ್ಲೊಮಾ ಇಲ್ಲವೇ ಇಂಜಿನಿಯರಿಂಗ್ ಓದಿರಬೇಕು. ಪ್ಲೇಟ್ ತೊಳೆಯುವುದು ಕೀಳು ಕೆಲಸವಲ್ಲ. ಆದರೆ ನಮ್ಮ ಮಗಳಿಗೆ ಅದೊಂದೇ ಕೆಲಸ ಯಾಕೆ?

ಆ ಪ್ಲೇಟಿನಲ್ಲಿ ಏನಿದೆ? ಮರಳಿನಿಂದ ತೆಗೆದ ಸಿಲಿಕಾನ್ ಎಂಬ ವಸ್ತು ಇದೆ. ಅದರ ಮೇಲೆ ಬೆಳಕು ಬಿದ್ದರೆ ಕರೆಂಟ್ ಹುಟ್ಟುತ್ತೆ. ಬೇಕಾದ್ದು ಬೆಳಕು, ಕಾವಲ್ಲ. ಪ್ಲೇಟ್ ಬಹಳ ಕಾದರೆ ಕರೆಂಟ್ ಕಮ್ಮಿಯೇ ಆಗುತ್ತೆ. ಧೂಳು ಕೂತರೂ ಕಮ್ಮಿ. ಅದಕ್ಕೇ ತೊಳೆಯುವುದು. ಇದೇನು ಮಂತ್ರವಲ್ಲ. ನಮಗೇ ಅರ್ಥವಾಯಿತು. ಮಗಳಿಗೆ ಆಗದೇ?

ಎಲ್ಲಿ ಎಷ್ಟು ಬಿಸಿಲು ಬೀಳುತ್ತೆ ಎಂದು ಮೊದಲು ಅಳೆಯಬೇಕು. ಆಮೇಲೆ ಪ್ಲೇಟ್ ಹಾಕುವ ಮಾತು. ನಮ್ಮ ದೇಶದಲ್ಲಿ ಈ ಅಳತೆಯ ಕೆಲಸವನ್ನು ನೆಲೆಗೊಳಿಸಿದವರು ಯಾರು ಗೊತ್ತೇ? ಒಬ್ಬ ಹೆಣ್ಣುಮಗಳು. ಹೆಸರು ಅನ್ನಾ ಮಣಿ.

ಅವರು 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದರು. ಅನುಕೂಲಸ್ಥರ ಮನೆ. ಆದರೂ ಗಂಡುಮಕ್ಕಳಿಗೆ ಓದು, ಹೆಣ್ಣುಮಕ್ಕಳಿಗೆ ಮದುವೆ ಎಂಬುದೇ ಅಲ್ಲಿಯ ರೂಢಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರು. ಓಲೆ ಬೇಡ, ಪುಸ್ತಕ ಕೊಡಿಸಿ ಎಂದಳು ಆ ಹುಡುಗಿ.

1940ರಲ್ಲಿ ಅನ್ನಾ ಮಣಿ ಬೆಂಗಳೂರಿಗೆ ಬಂದರು. ಸರ್ ಸಿ.ವಿ. ರಾಮನ್ ಅವರ ಪ್ರಯೋಗಶಾಲೆ ಸೇರಿದರು. ಓಲೆ ಬೇಡವೆಂದವರು ವಜ್ರದ ಗುಣವನ್ನೇ ಪರೀಕ್ಷೆ ಮಾಡಿದರು. ಐದು ವರ್ಷ ದುಡಿದರೂ ಡಾಕ್ಟರೇಟ್ ಪದವಿ ಸಿಗಲಿಲ್ಲ. ಎಂ.ಎಸ್ಸಿ. ಮಾಡಿಲ್ಲ ಎಂಬ ಕಾರಣ ಹೇಳಿದರು. ಅವರು ಅಳುತ್ತಾ ಕೂರಲಿಲ್ಲ. ಲಂಡನ್ನಿಗೆ ಹೋಗಿ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳ ವಿದ್ಯೆ ಕಲಿತರು. 1948ರಲ್ಲಿ ವಾಪಸು ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಅವರ ಕೈಕೆಳಗೆ ನೂರಕ್ಕೂ ಹೆಚ್ಚು ಗಂಡಸರು ಕೆಲಸ ಮಾಡಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಿಸಿದರು. ದೇಶದ ಹಲವು ಕಡೆ ಬಿಸಿಲು ಅಳೆಯುವ ಕೇಂದ್ರಗಳು ಎದ್ದವು. 1980ರಲ್ಲಿ ಆ ಲೆಕ್ಕವೆಲ್ಲ ಪುಸ್ತಕವಾಯಿತು. ಅನ್ನಾ ಮಣಿ 2001ರಲ್ಲಿ ತೀರಿಕೊಂಡರು.

ಈಗ ನಮ್ಮ ಮನೆಗೆ ಬರೋಣ. ಹತ್ತನೇ ತರಗತಿ ಮುಗಿಯಿತು, ಗಂಡು ನೋಡಿ ಅನ್ನುತ್ತಾರೆ. ಓದಿಸಲು ದುಡ್ಡೆಲ್ಲಿ ಅನ್ನುತ್ತಾರೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ಅಪರಾಧ. 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಡಿಪ್ಲೊಮಾ, ಇಂಜಿನಿಯರಿಂಗ್ ಸೇರುವ ಹುಡುಗಿಯರಿಗೆ ಪ್ರಗತಿ ಎಂಬ ವಿದ್ಯಾರ್ಥಿವೇತನ ಇದೆ. ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ. ಹತ್ತನೇ ತರಗತಿ ಆದ ಮೇಲೆ ಡಿಪ್ಲೊಮಾ ಮೂರು ವರ್ಷ. ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಕಲಿಯಲು ಎರಡೇ ವರ್ಷ.

ಗಣಿತ ಹುಡುಗಿಯರಿಗೆ ಹತ್ತುವುದಿಲ್ಲ ಎಂಬ ಮಾತು ಬಿಡೋಣ. ಸಂತೆಯಲ್ಲಿ ಬಾಯಿಲೆಕ್ಕ ಮಾಡುವವರು, ಸಂಘದ ಬಡ್ಡಿ ಲೆಕ್ಕ ಇಡುವವರು ನಾವೇ ಅಲ್ವಾ? ಮಗಳು ಲೆಕ್ಕ ಮಾಡಲು ಕೂತಾಗ ನೀರಿಗೆ ಕಳಿಸಬೇಡಿ. ಆ ಬಿಂದಿಗೆಯನ್ನು ಮಗನೂ ಹೊರಲಿ.

ನಮಗೀಗ ಓದಲು ಬರುತ್ತೆ, ಸಹಿ ಹಾಕಲು ಬರುತ್ತೆ. ಮಗಳನ್ನು ಕಾಲೇಜಿಗೆ ಸೇರಿಸುವ ಅರ್ಜಿ ಬಂದಾಗ ನಾವೇ ಓದೋಣ. ಹೆಬ್ಬೆಟ್ಟು ಬೇಡ. ತಾಯಿಯ ಸಹಿ ಇರಲಿ.